ಹಾಲುಗಲ್ಲ ವಯಸ್ಕನಾದದ್ದು

ನಲವತ್ತನಾಲ್ಕು ದಾಟಿದ ಗಂಡಸೊಬ್ಬ ತಾನು ಮಗುವಲ್ಲ ಎಂದು ಸಾಬೀತು ಮಾಡಲು ಹೊರಟು, ಇದ್ದ ಮರ್ಯಾದೆಗೂ ಕೂತ ಕುರ್ಚಿಗೂ ಒಟ್ಟಿಗೇ ಎಳ್ಳುನೀರು ಬಿಟ್ಟ ಕಥೆ ಇದು. ತಪ್ಪು ಅವನದಲ್ಲ, ಅವನ ಮುಖದ್ದು. ಮೀಸೆ ಬರುವ ವಯಸ್ಸಿನಲ್ಲಿ ಮೀಸೆ ಬರಲಿಲ್ಲ. ಗಡ್ಡ ಬರುತ್ತೇನೆಂದು ಹೇಳಿ ಬರಲೇ ಇಲ್ಲ. ಕೆನ್ನೆಗಳೆರಡು ಈಗಷ್ಟೇ ತೊಟ್ಟಿಲಿನಿಂದ ಎತ್ತಿಕೊಂಡ ಕೂಸಿನದರಂತೆ ಉಬ್ಬಿಕೊಂಡು ಮಿರಮಿರ ಮಿನುಗುತ್ತಿದ್ದವು. ಕುಡಿಯುವ ನೀರಿನ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಮುಚ್ಚಳ ಹಾಕುವ ವಿಭಾಗಕ್ಕೆ ಅವನೇ ಮೇಲ್ವಿಚಾರಕ. ಕೈಕೆಳಗಿನವರು ಎದುರಿಗೆ 'ಸಾರ್' ಎಂದೂ ಬೆನ್ನ ಹಿಂದೆ 'ಹಾಲುಗಲ್ಲ' ಎಂದೂ ಕರೆಯುತ್ತಿದ್ದರು. ಕ್ರಮೇಣ 'ಸಾರ್' ಬಿದ್ದುಹೋಗಿ ಹಾಲುಗಲ್ಲವೊಂದೇ ಉಳಿಯಿತು.

ಹಾಲುಗಲ್ಲನ ಸಂಸಾರ ನಿಂತಿದ್ದದ್ದು ಒಂದು ವಿಭಕ್ತಿ ಪ್ರತ್ಯಯದ ಮೇಲೆ. ಮದುವೆಯ ಮಾತುಕತೆಗೆ ಹೋದ ದಿನ ಹುಡುಗಿಯ ಅಪ್ಪ, ಅಂದರೆ ಹೆಡ್‌ಮಾಸ್ತರರು, ಕನ್ನಡಕದ ಮೇಲಿಂದ ನೋಡಿ, "ಓದು ಎಲ್ಲೀತನಕ?" ಎಂದು ಕೇಳಿದ್ದರು. ಇವನು ಪ್ರಾಮಾಣಿಕವಾಗಿ, "ಹತ್ತಕ್ಕೆ ಮುಗೀತು ಸಾರ್" ಎಂದಿದ್ದ. ಹತ್ತನೇ ತರಗತಿಯಲ್ಲಿ ಡುಮ್ಕಿ ಹೊಡೆದು ಅಲ್ಲಿಗೇ ಓದು ನಿಂತಿತು ಎಂಬುದು ಅದರ ಅರ್ಥ. ಸರಿಯಾಗಿ ಅದೇ ಹೊತ್ತಿಗೆ ಬೀದಿಯಲ್ಲಿ ಲಾರಿಯೊಂದು ಬಾಯಿ ಬಡಿದುಕೊಂಡಿತು. 'ಹತ್ತಕ್ಕೆ'ಯ 'ಕ್ಕೆ' ಆ ಲಾರಿಯ ಗಾಲಿಗೆ ಸಿಕ್ಕಿ ಪ್ರಾಣಬಿಟ್ಟಿತು. ಹೆಡ್‌ಮಾಸ್ತರರಿಗೆ ಕೇಳಿಸಿದ್ದು "ಹತ್ತು ಮುಗೀತು". "ಸದ್ಯ, ಹತ್ತಾದ್ರೂ ಮುಗಿಸಿದ್ದೀರಲ್ಲ" ಎಂದು ಅವರು ನಿಟ್ಟುಸಿರು ಬಿಟ್ಟರು. ಒಳಗಿನ ಕೋಣೆಯಿಂದ ಹುಡುಗಿ ಬಗ್ಗಿ ನೋಡಿ ನಕ್ಕಳು. ಆ ನಗು ನೋಡಿದ ಮೇಲೆ ಯಾವ ಗಂಡಸು ತಾನೇ ಲಾರಿಯ ಕೆಳಗೆ ಹೋಗಿ ಸತ್ತ ಅಕ್ಷರವನ್ನು ಎತ್ತಿಕೊಂಡು ಬರುತ್ತಾನೆ?

ಹೀಗೆ ಹತ್ತೊಂಬತ್ತು ವರ್ಷ ಸಾಗಿತು. ಈಗ ಹೆಡ್‌ಮಾಸ್ತರರು ನಿವೃತ್ತರಾಗಿ ಮಗಳ ಮನೆಯ ಹೊರಕೋಣೆಯಲ್ಲೇ ಇದ್ದರು. ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ಪಾಠದಿಂದಲ್ಲ.

ಅಷ್ಟರಲ್ಲಿ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದ. ಬಂದವನೇ ಎಲ್ಲರನ್ನೂ ನಿಲ್ಲಿಸಿ, "ಇನ್ಮೇಲೆ ಮೇಲ್ವಿಚಾರಕರೆಲ್ಲ ಹತ್ತನೇ ಕ್ಲಾಸು ಪಾಸಾಗಿರ್ಬೇಕು. ವರ್ಷದ ಕೊನೆಗೆ ಪ್ರಮಾಣಪತ್ರ ತೋರಿಸ್ಬೇಕು. ಇಲ್ಲದೋರು ಲೋಡಿಂಗಿಗೆ" ಎಂದ. ಲೋಡಿಂಗ್ ಎಂದರೆ ನೀರಿನ ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ತುಂಬುವುದು. ಬಾಟಲಿಗೆ ಮುಚ್ಚಳ ಹಾಕಲು ಹತ್ತನೇ ಕ್ಲಾಸು ಯಾಕೆ, ಬಾಟಲಿ ಏನು ಇವನ ಕೈಲಿ ಮಗ್ಗಿ ಹೇಳಿಸುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಓದಿದವರು ಯಾರೂ ಅಲ್ಲಿರಲಿಲ್ಲ. ಓದಿದ್ದವನು ಮ್ಯಾನೇಜರ್ ಒಬ್ಬನೇ.

ಹಾಲುಗಲ್ಲ ಎದೆಗುಂದಲಿಲ್ಲ. ದೊಡ್ಡವರಾದ ಮೇಲೆ ಓದುವವರಿಗೆಂದೇ 'ವಯಸ್ಕರ ಶಿಕ್ಷಣ' ಎಂಬ ಸರ್ಕಾರಿ ವೆಬ್‌ಸೈಟು ಇತ್ತು. ಪಾಠವೂ ಅಲ್ಲೇ, ಪರೀಕ್ಷೆಯ ಹಾಲ್ ಟಿಕೆಟ್ಟೂ ಅಲ್ಲೇ. ಊಟದ ಬಿಡುವಿನಲ್ಲಿ ಪೆಟ್ಟಿಗೆಗಳ ಸಂದಿಯಲ್ಲಿ ಕೂತು, ಮೊಬೈಲನ್ನು ಎದೆಗೆ ಅವುಚಿಕೊಂಡು ಅವನು ಕದ್ದು ಕದ್ದು ಓದಿದ. ತ್ರಿಭುಜ ಓದಿದ. ನದಿಗಳನ್ನು ಓದಿದ. ಯಾರಾದರೂ ಬಂದರೆ ಥಟ್ಟನೆ ಮೊಬೈಲು ಬೋರಲು ಹಾಕುತ್ತಿದ್ದ. ನೋಡಿದವರು ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಪರೀಕ್ಷೆ ಹತ್ತಿರ ಬಂತು. ಕಾನೂನು ಅದಕ್ಕಿಂತ ಮೊದಲು ಬಂತು.

ಮಕ್ಕಳು ನೋಡಬಾರದ್ದನ್ನು ನೋಡಿ ಹಾಳಾಗುತ್ತಿದ್ದಾರೆ, ಆದ್ದರಿಂದ ವಯಸ್ಕರ ವೆಬ್‌ಸೈಟುಗಳೆಲ್ಲ ಒಳಗೆ ಬರುವವನ ವಯಸ್ಸು ಪರೀಕ್ಷಿಸಿಯೇ ಬಾಗಿಲು ತೆಗೆಯಬೇಕು ಎಂದು ಆ ಕಾನೂನು ಹೇಳಿತು. ಮಾತು ಸರಿಯೇ. ಆದರೆ ಬೀಗ ಹಾಕಬೇಕಾದದ್ದು ಯಾವುದಕ್ಕೆ ಎಂದು ಒಂದೊಂದನ್ನೂ ತೆರೆದು ನೋಡಲು ಅಧಿಕಾರಿಗಳಿಗೆ ಸಂಕೋಚವಾಯಿತು. ಕಚೇರಿಯ ಹೊತ್ತಿನಲ್ಲಿ ಅಂಥದ್ದನ್ನು ನೋಡುವುದು ಹೇಗೆ, ಪಕ್ಕದ ಮೇಜಿನವರು ಏನಂದುಕೊಂಡಾರು? ಅದಕ್ಕೇ ಹೆಸರಿನಲ್ಲಿ 'ವಯಸ್ಕ' ಎಂಬ ಪದ ಇರುವುದಕ್ಕೆಲ್ಲ ಬೀಗ ಹಾಕಿ ಎಂದು ಕಂಪ್ಯೂಟರಿಗೆ ಹೇಳಿ ಟೀ ಕುಡಿಯಲು ಹೋದರು. ನಿಜವಾದ ಕೊಳಕು ಸೈಟುಗಳು ಒಂದೇ ವಾರದಲ್ಲಿ ಹೆಸರು ಬದಲಾಯಿಸಿಕೊಂಡು, ಒಂದು 'ಹೂದೋಟ' ಎಂದೂ ಮತ್ತೊಂದು 'ಅಜ್ಜಿಮನೆ' ಎಂದೂ ಬೋರ್ಡು ಹಾಕಿಕೊಂಡು ಬಾಗಿಲು ಹಾರು ಹೊಡೆದು ಕೂತವು. ಹೆಸರು ಬದಲಾಯಿಸಲು ತಿಳಿಯದ ಬಡಪಾಯಿ ಸೈಟು ಒಂದೇ ಒಂದು ಉಳಿಯಿತು: ವಯಸ್ಕರ ಶಿಕ್ಷಣ.

ಒಂದು ಬೆಳಿಗ್ಗೆ ಹಾಲುಗಲ್ಲ ಬಚ್ಚಲುಮನೆಯಲ್ಲಿ ಕೂತು ಹಾಲ್ ಟಿಕೆಟ್ಟಿಗೆಂದು ಸೈಟು ತೆಗೆದರೆ ತ್ರಿಭುಜದ ಬದಲು ಒಂದು ದುಂಡನೆಯ ಗೆರೆ ಮೂಡಿತು. ಅದರೊಳಗೆ ಇವನದೇ ಮುಖ. ಮೊಬೈಲಿನೊಳಗಿಂದ ಜೇನಿನಂಥ ಹೆಣ್ಣುದನಿ, "ಹತ್ತಿರ ಬನ್ನಿ" ಎಂದಿತು.

ಹಾಲುಗಲ್ಲ ಬೆಚ್ಚಿಬಿದ್ದು ಹತ್ತಿರ ಹೋದ.

"ಇನ್ನೂ ಹತ್ತಿರ ಬನ್ನಿ. ಕಣ್ಣು ಮಿಟುಕಿಸಿ. ನಿಧಾನವಾಗಿ ಎಡಕ್ಕೆ ತಿರುಗಿ."

ಹೊರಗೆ ಟವಲು ಹಿಡಿದು ನಿಂತಿದ್ದ ಹೆಂಡತಿಯ ಕೈಯಿಂದ ಟವಲು ಜಾರಿತು.

"ನಿಮ್ಮ ಅಂದಾಜು ವಯಸ್ಸು ಹದಿನಾಲ್ಕು" ಎಂದಿತು ಯಂತ್ರ. "ದಯವಿಟ್ಟು ನಿಮ್ಮ ಪೋಷಕರನ್ನು ಕರೆಯಿರಿ."

ಹಾಲುಗಲ್ಲ ಬೂಟು ಪಾಲಿಷಿನಿಂದ ಮೀಸೆ ಬರೆದುಕೊಂಡ. ಯಂತ್ರ ಹದಿಮೂರಕ್ಕೆ ಇಳಿಸಿತು. ತಲೆಗೆ ಪೌಡರ್ ಸುರಿದುಕೊಂಡ. ಮುಖವೇ ಕಾಣುತ್ತಿಲ್ಲ ಎಂದಿತು. ಹುಬ್ಬು ಗಂಟಿಕ್ಕಿ, ಕೆನ್ನೆ ಒಳಗೆಳೆದುಕೊಂಡು, ಜೀವನದಲ್ಲಿ ಆದ ಅವಮಾನಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ನೋಡಿದ. "ಇನ್ನೂ ಹತ್ತಿರ ಬನ್ನಿ" ಎಂದು ಆ ದನಿ ಮತ್ತೆ ಕರೆಯಿತು. ಅದೇ ಹೊತ್ತಿಗೆ ಹೆಂಡತಿ ಬಾಗಿಲು ಬಡಿದಳು.

"ರೀ, ಒಳಗೆ ಯಾರಿದ್ದಾರೆ?"

"ಯಾರೂ ಇಲ್ವೇ! ನಾನೊಬ್ನೇ!"

"ಹತ್ತಿರ ಬಾ ಅಂತ ಯಾರು ಕರೀತಿರೋದು ಹಾಗಾದ್ರೆ?"

"ಅದು... ಸರ್ಕಾರ ಕಣೇ."

ಬಾಗಿಲು ತೆಗೆದಾಗ ಹೆಂಡತಿಗೆ ಕಂಡದ್ದು ಬೂಟು ಪಾಲಿಷಿನ ಮೀಸೆಯ, ಪೌಡರು ಮೆತ್ತಿದ ತಲೆಯ, ಬೆವರಿಳಿಸುತ್ತ ನಿಂತ ಗಂಡ. ಅವಳು ಬಿದ್ದ ಟವಲನ್ನು ಎತ್ತಿ ಅವನ ಹೆಗಲಿಗೆ ಎಸೆದು, ಸೀದಾ ಪಕ್ಕದ ಮನೆಗೆ ನಡೆದಳು.

ಅವನು ವಯಸ್ಕರ ಶಿಕ್ಷಣದ ಕಚೇರಿಗೆ ಓಡಿದ. ಆ ಕಚೇರಿಗೆ ಬೀಗ ಬಿದ್ದು ವರ್ಷವಾಗಿತ್ತು. ಬಾಗಿಲ ಮೇಲೆ, 'ಎಲ್ಲ ಸೇವೆಗಳೂ ಈಗ ನಮ್ಮ ವೆಬ್‌ಸೈಟಿನಲ್ಲಿ' ಎಂಬ ಬೋರ್ಡು ನಗುತ್ತಿತ್ತು. ಇನ್ನುಳಿದದ್ದು ಒಂದೇ ದಾರಿ. ಮುಖ ನಂಬದಿದ್ದರೆ ದಾಖಲೆ ತೋರಿಸಿ ವಯಸ್ಸು ದೃಢಪಡಿಸುವುದಕ್ಕೆಂದು ಕಾನೂನಿನ ಜೊತೆಗೇ ಒಂದು ಕೌಂಟರು ತೆರೆದಿದ್ದರು.

ಗಾಜಿನ ಹಿಂದೆ ಅಧಿಕಾರಿ ಕೂತಿದ್ದ. ಇವನ ಹಿಂದೆ ಯಾವುದೋ ವಿಳಾಸ ಬದಲಾವಣೆಗೆಂದು ಬಂದು ಸಾಲು ತಪ್ಪಿ ನಿಂತಿದ್ದವನು ಪಕ್ಕದ ಮನೆಯ ಟೈಲರ್. ಬೇರೆಯವರ ಅಳತೆ ತೆಗೆದೂ ತೆಗೆದೂ ಟೈಲರನ ಕಿವಿಯೇ ಒಂದು ಟೇಪಾಗಿತ್ತು. ಎಷ್ಟು ದೂರದ ಮಾತಾದರೂ ಮುಟ್ಟುತ್ತಿತ್ತು.

"ಯಾವುದಕ್ಕೆ?" ಎಂದ ಅಧಿಕಾರಿ.

"ವಯಸ್ಕರ..." ಎಂದು ಹಾಲುಗಲ್ಲ ಬಾಯಿ ತೆರೆದ. ಹಿಂದೆ ಟೈಲರ್ ಕೆಮ್ಮಿದ. 'ಶಿಕ್ಷಣ' ಎಂಬ ಮುಂದಿನ ಪದ ನಾಲಿಗೆಯ ತುದಿಗೆ ಬಂದು, ಟೈಲರನನ್ನು ಕಂಡು, ಬಂದ ದಾರಿಯಲ್ಲೇ ವಾಪಸು ಹೋಯಿತು. ಆ ಪದವನ್ನು ಹೊರಗೆ ಬಿಟ್ಟರೆ ಟೈಲರನಿಂದ ಹೆಡ್‌ಮಾಸ್ತರರ ಕಿವಿಗೆ ಮುಟ್ಟಲು ಒಂದು ಟೀ ಕುಡಿಯುವಷ್ಟು ಹೊತ್ತೂ ಬೇಡ.

"ವಯಸ್ಕರ ಏನು? ಜೋರಾಗಿ ಹೇಳ್ರೀ."

"ವಯಸ್ಕರದ್ದೇ ಸಾರ್" ಎಂದ ಹಾಲುಗಲ್ಲ, ಕುತ್ತಿಗೆಯನ್ನು ಅಂಗಿಯೊಳಗೆ ಎಳೆದುಕೊಂಡು.

ಬೀಗ ಹಾಕಿದ ಮೇಲೆ ಆ ಕೌಂಟರಿಗೆ ಬಂದ ಮೊದಲ ಮನುಷ್ಯ ಇವನೇ. ಮೂಲೆಯ ಬೆಂಚಿನಲ್ಲಿದ್ದವರು ಸರಿಯಾಗಿ ನೋಡಲೆಂದು ಎದ್ದು ನಿಂತರು.

ಅಧಿಕಾರಿ ಗುರುತಿನ ಚೀಟಿ ಈಸಿಕೊಂಡು ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದ. "ಇದರಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ. ತಾರೀಕು ಇಲ್ಲ. ತಾರೀಕಿಲ್ದೆ ವಯಸ್ಸು ಎಲ್ಲಿಂದ ಲೆಕ್ಕ ಹಾಕ್ಲಿ?"

"ಯಾವ ತಾರೀಕಿಗೆ ಹುಟ್ಟಿದ್ರೂ ನಲವತ್ತಂತೂ ದಾಟಿದೆಯಲ್ಲ ಸಾರ್?"

"ಅದು ನಿಮ್ಮ ಅಭಿಪ್ರಾಯ. ಹತ್ತನೇ ತರಗತಿ ಪ್ರಮಾಣಪತ್ರ ತನ್ನಿ. ಅದರಲ್ಲಿ ತಾರೀಕು ಇರುತ್ತೆ."

ಹಾಲುಗಲ್ಲ ಗಾಜಿನ ಕಿಂಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. "ಸಾರ್, ಅದನ್ನ ತಗೊಳ್ಳೋಕೇ ಆ ಸೈಟಿಗೆ ಹೋಗ್ಬೇಕಾಗಿರೋದು."

ಅಧಿಕಾರಿ ಕುರ್ಚಿ ಹಿಂದಕ್ಕೆ ತಳ್ಳಿದ. "ಏನ್ರೀ ಇದು ಅನ್ಯಾಯ! ಅದನ್ನ ನೋಡಿದ್ರೆ ಪ್ರಮಾಣಪತ್ರ ಬೇರೆ ಕೊಡ್ತಾರಾ ಈಗ?"

ಬೆಂಚಿನವರು ಹೊಟ್ಟೆ ಹಿಡಿದುಕೊಂಡರು. ಅಧಿಕಾರಿಗೂ ಕನಿಕರ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಇಂಥದ್ದಕ್ಕೆ ಸರ್ಕಾರದ ಅಪ್ಪಣೆ ಕೇಳಲು ಬಂದ ಸತ್ಯವಂತನನ್ನು ಅವನು ನೋಡಿರಲಿಲ್ಲ. "ಪ್ರಮಾಣಪತ್ರ ಕಳ್ಕೊಂಡಿದ್ರೆ ಇನ್ನೊಂದು ದಾರಿ ಇದೆ" ಎಂದ. "ಯಾರಾದ್ರೂ ಹೆಡ್‌ಮಾಸ್ತರು, ರಿಟೈರಾಗಿದ್ರೂ ಪರ್ವಾಗಿಲ್ಲ, ನೀವು ವಯಸ್ಕರು ಅಂತ ಸಹಿ ಹಾಕ್ಬೇಕು."

"ಅಂಥೋರು ನಂಗೆ ಯಾರೂ ಗೊತ್ತಿಲ್ಲ ಸಾರ್" ಎಂದು ಹಾಲುಗಲ್ಲ ಓಡಲು ತಿರುಗಿದ.

"ಅಯ್ಯೋ, ಇವ್ರ ಮಾವನೇ ಹೆಡ್‌ಮಾಸ್ತರು ಸಾರ್!" ಎಂದು ಟೈಲರ್ ಪರೋಪಕಾರಕ್ಕೆ ಹಾರಿದ. "ಇವ್ರ ಮನೇಲೇ ಇದ್ದಾರೆ. ನಂಬರ್ ಕೊಡ್ಲಾ?"

ನಂಬರಿನ ಜೊತೆಗೆ ಟೈಲರ್ ಹೇಳಿದ ಹೆಸರು ಕೇಳಿ ಅಧಿಕಾರಿಯ ಮುಖ ಅರಳಿತು. "ನಮ್ಮ ಮೇಷ್ಟ್ರಾ! ಇದೇ ಕಿವಿ ಹಿಂಡಿಹಿಂಡಿ ನನ್ನನ್ನ ಮನುಷ್ಯನ್ನ ಮಾಡಿದೋರು ಕಣ್ರೀ!" ಎಂದವನೇ ಫೋನು ಒತ್ತಿ, ಎರಡೂ ಕೈ ಮುಗಿಯಲು ಅನುಕೂಲವಾಗಲೆಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. "ನಮಸ್ಕಾರ ಸಾರ್. ತಮ್ಮ ಶಿಷ್ಯ. ಏನಿಲ್ಲ, ತಮ್ಮ ಅಳಿಯಂದಿರು ವಯಸ್ಕರ ಸೈಟು ನೋಡೋಕೆ ಇಲ್ಲಿಗೆ ಅರ್ಜಿ ಹಾಕೋಕೆ ಬಂದಿದ್ದಾರೆ. ಅವ್ರು ದೊಡ್ಡೋರಾಗಿದ್ದಾರೆ ಅಂತ ತಾವೊಂದು ಸಹಿ ಹಾಕ್ಬೇಕಿತ್ತು."

ಫೋನಿನೊಳಗೆ ಏನೋ ಬಿದ್ದು ಒಡೆದ ಸದ್ದಾಯಿತು. ಅದು ಅವರ ಟೀ ಲೋಟವೋ ಹತ್ತೊಂಬತ್ತು ವರ್ಷದ ಮಾವ ಅಳಿಯರ ಸಂಬಂಧವೋ ಹೇಳುವುದು ಕಷ್ಟ.

ಅವನು ಮನೆ ಮುಟ್ಟುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಹೆಡ್‌ಮಾಸ್ತರರು ಹೊರಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಬೀದಿಯ ಮಕ್ಕಳ ರಕ್ಷಣಾ ಸಮಿತಿಗೆ ಅವರೇ ಅಧ್ಯಕ್ಷರು. ಈ ಕಾನೂನು ಬರಲೆಂದು ಮನೆಮನೆ ತಿರುಗಿ ಸಹಿ ಸಂಗ್ರಹಿಸಿದವರು. ಹಾಲುಗಲ್ಲನೂ ಸಹಿ ಹಾಕಿದ್ದ. ದುಂಡಗೆ, ಸ್ಪಷ್ಟವಾಗಿ, ಎಲ್ಲರಿಗಿಂತ ಮೊದಲು.

"ಅಳಿಯಂದಿರೇ" ಎಂದರು ಅವರು ಗೋಡೆಗೆ. "ಒಂದೇ ಒಂದು ಪ್ರಶ್ನೆ. ಯಾಕೆ?"

"ಮಾವ, ಅದು ನೀವಂದ್ಕೊಂಡ ಹಾಗಲ್ಲ."

"ಹಾಗಾದ್ರೆ ಹೇಗೆ? ವಯಸ್ಕರದ್ದು ಹೌದೋ ಅಲ್ವೋ?"

"ವಯಸ್ಕರದ್ದು ಹೌದು. ಆದ್ರೆ..."

"ಸಾಕು!" ಎಂದರು ಗೋಡೆಯೇ ಬೆಚ್ಚುವಂತೆ. "ಆದ್ರೆ ಅನ್ನೋ ಪದಕ್ಕೆ ನನ್ನ ಶಾಲೇಲಿ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ."

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದಳು. ಹಾಲುಗಲ್ಲ ಬಾಗಿಲಲ್ಲಿ ನಿಂತು ಸತ್ಯವನ್ನು ಹೇಳಿಬಿಡಲೇ ಎಂದು ಉಸಿರೆಳೆದುಕೊಂಡ. ಅವಳೇ ಮೊದಲು ಮಾತಾಡಿದಳು.

"ಎಷ್ಟೋ ಗಂಡಸ್ರು ನೋಡ್ತಾರಂತೆ ರೀ. ಪಕ್ಕದ್ಮನೆಯಾಕೆ ಹೇಳಿದ್ಳು. ಹೊಟ್ಟೆ ಉರೀತಿದೆ ನಂಗೆ. ಆದ್ರೂ ನೀವು ಓದಿದೋರು. ಎಲ್ಲಾ ತಿಳ್ಕೊಂಡೋರು. ತಿದ್ಕೋತೀರ ಅಂತ ಒಂದು ಧೈರ್ಯ. ಅದೊಂದಿಲ್ದಿದ್ರೆ ನಾನ್ ಏನ್ ನೋಡ್ಕೊಂಡ್ ಬದುಕ್ಲಿ?"

ಎಳೆದುಕೊಂಡ ಉಸಿರನ್ನು ಅವನು ಹಾಗೇ ಒಳಗಿಟ್ಟುಕೊಂಡ.

ಮರುದಿನದಿಂದ ಬೀದಿಯ ಗಣ್ಯರು ಒಬ್ಬೊಬ್ಬರಾಗಿ ಅವನನ್ನು ಸಂತೈಸಲು ಬಂದರು. ಮೊದಲು ಬಂದವನು ಟೈಲರ್. ಅತ್ತ ಇತ್ತ ನೋಡಿ ಕಿವಿಯ ಹತ್ತಿರ ಬಾಯಿ ತಂದು, "ಏನಣ್ಣಾ ನೀನು, ಇಷ್ಟು ಮುಗ್ಧನಾ? ಅದಕ್ಕೆ ಯಾರಾದ್ರೂ ಸರ್ಕಾರದ ಪರ್ಮಿಷನ್ ಕೇಳ್ತಾರಾ? 'ಹೂದೋಟ' ಅಂತ ಹೊಡಿ. ಬಾಗಿಲೂ ಇಲ್ಲ, ಬೀಗಾನೂ ಇಲ್ಲ" ಎಂದ. ಸಂಜೆ ಔಷಧಿ ಅಂಗಡಿಯವನು ಬಂದು, ಕೆಮ್ಮಿನ ಸಿರಪ್ಪಿನ ಬಗ್ಗೆ ಮಾತಾಡುವವನಂತೆ, "ಹೂದೋಟ ಬೇಡ, ಬರೀ ಜಾಹೀರಾತು. 'ಅಜ್ಜಿಮನೆ' ವಾಸಿ" ಎಂದು ಹೇಳಿಹೋದ. ರಕ್ಷಣಾ ಸಮಿತಿಯ ಕಾರ್ಯದರ್ಶಿಯಂತೂ ಬಸ್‌ಸ್ಟಾಪಿನಲ್ಲಿ ಅಡ್ಡಗಟ್ಟಿ, "ನೋಡಪ್ಪಾ, ನಿಷೇಧ ಮಾಡೋ ಸಲುವಾಗಿ ನಾವೂ ಎಲ್ಲಾ ನೋಡಿಟ್ಕೊಂಡಿರ್ಬೇಕಾಗುತ್ತೆ" ಎಂದು ಪೀಠಿಕೆ ಹಾಕಿ ಬೆರಳು ಮಡಚಿ ಮಡಚಿ ಇನ್ನೂ ಏಳು ಹೆಸರು ಹೇಳಿದ. ಎಲ್ಲರಿಗೂ ಎಲ್ಲ ಬಾಗಿಲೂ ಗೊತ್ತಿತ್ತು. ಗೊತ್ತಿಲ್ಲದೆ ಮುಂಬಾಗಿಲಲ್ಲೇ ನಿಂತು ಕದ ತಟ್ಟಿದ ಬೆಪ್ಪ ಇವನೊಬ್ಬ. ತ್ರಿಭುಜದ ಬಾಗಿಲನ್ನು ಮಾತ್ರ ಅವರಲ್ಲಿ ಒಬ್ಬನೂ ಬಲ್ಲವನಲ್ಲ.

ಕಾರ್ಖಾನೆಯಲ್ಲಿ ಯಾರೋ ಅವನ ಯಂತ್ರದ ಮೇಲೆ 'ಹತ್ತಿರ ಬನ್ನಿ' ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಅವನು ಒರೆಸಿದ. ಮರುದಿನ 'ಇನ್ನೂ ಹತ್ತಿರ ಬನ್ನಿ' ಎಂದಿತ್ತು.

ಪರೀಕ್ಷೆಯ ಹಿಂದಿನ ದಿನ ರಕ್ಷಣಾ ಸಮಿತಿಯ ಸಭೆ. ಹೆಡ್‌ಮಾಸ್ತರರ ಹಳೆಯ ಶಾಲೆಯ ಸಭಾಂಗಣದಲ್ಲಿ ಬೀದಿಗೆ ಬೀದಿಯೇ ತುಂಬಿತ್ತು. ಕೌಂಟರಿನ ಅಧಿಕಾರಿಯೂ ಗುರುಗಳ ಮೇಲಿನ ಗೌರವಕ್ಕೆ ಬಂದಿದ್ದ. ಹಾಲುಗಲ್ಲ ಹಿಂದಿನ ಸಾಲಿನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದ. ಅಧಿಕಾರಿಯನ್ನು ನೋಡಿದ ಮೇಲೆ ಅವನಿಗೊಂದು ಆಸೆ ಚಿಗುರಿತ್ತು. ಸತ್ಯ ಹೇಳಿಬಿಟ್ಟರೆ ಮಾವ ಇಲ್ಲೇ ಸಹಿ ಹಾಕಬಹುದು, ಅಧಿಕಾರಿ ಇಲ್ಲೇ ಬೀಗ ತೆಗೆಯಬಹುದು, ನಾಳೆ ಪರೀಕ್ಷೆ ಬರೆಯಬಹುದು.

ಔಷಧಿ ಅಂಗಡಿಯವನ ಹೆಂಡತಿ ಎದ್ದು ನಿಂತಳು. "ನಂಗೆ ಭಾಷಣ ಬರಲ್ಲ" ಎಂದಳು. "ನನ್ನ ಮಗಳಿಗೆ ಒಂಬತ್ತು ವರ್ಷ. ಅಪ್ಪನ ಫೋನಲ್ಲಿ ಅದೇನೋ ನೋಡಿಬಿಟ್ಲು. ಎರಡು ದಿನ ಮಾತೇ ಆಡ್ಲಿಲ್ಲ ಮಗು. ಬೀಗ ಬೇಕು. ಅಷ್ಟೇ." ಅಪ್ಪನ ಫೋನಿನಲ್ಲಿ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಔಷಧಿ ಅಂಗಡಿಯವನು ಛಾವಣಿಯ ಫ್ಯಾನು ನೋಡುತ್ತಿದ್ದ. ಬೇಕು ತಾಯಿ, ಬೀಗ ಬೇಕೇ ಬೇಕು, ನಾನೇ ಬಂದು ಹಾಕಿಕೊಡುತ್ತೇನೆ ಎಂದು ಹಾಲುಗಲ್ಲನಿಗೆ ಕೂಗಬೇಕೆನ್ನಿಸಿತು. ಹಾಕಿದ ಬೀಗ ನನ್ನ ಮನೆಗೆ ಬಿತ್ತಲ್ಲ ಎಂದೂ ಅನ್ನಿಸಿತು.

"ಹಾಕಿ ಅಕ್ಕಾ, ಯಾರು ಬೇಡ ಅಂದ್ರು?" ಎಂದು ಎದ್ದವನು ಮೊಬೈಲು ರಿಪೇರಿಯವನು. "ಆದ್ರೆ ಬೀಗ ತೆಗೆಯೋ ನೆಪದಲ್ಲಿ ನಮ್ಮ ಮುಖ, ಹುಟ್ಟಿದ ದಿನ, ಹೆಬ್ಬೆಟ್ಟು ಎಲ್ಲಾ ತಗೋತಾರಲ್ಲ, ಅದನ್ನ ಎಲ್ಲಿಡ್ತಾರೆ? ನಾಳೆ ಯಾರ ಕೈಗೆ ಸಿಗುತ್ತೆ?"

"ಮುಚ್ಚಿಡೋದು ಏನೂ ಇಲ್ಲದವನಿಗೆ ಮುಖ ತೋರಿಸೋಕೆ ಏನ್ರೀ ಭಯ?" ಎಂದರು ಹೆಡ್‌ಮಾಸ್ತರರು.

"ಮುಚ್ಚಿಡೋದು ಏನೂ ಇಲ್ದಿದ್ರೆ ಬಚ್ಚಲುಮನೆಗೆ ಚಿಲಕ ಯಾಕೆ ಸಾರ್?"

'ಬಚ್ಚಲುಮನೆ' ಎಂದದ್ದೇ ತಡ, ಸಭೆಯ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿ ಹಾಲುಗಲ್ಲನನ್ನು ನೋಡಿದವು. ಮೊಬೈಲಿನವನ ಪ್ರಶ್ನೆ ಒಳ್ಳೆಯದಿತ್ತು. ಅದನ್ನು ಅಲ್ಲೇ ಕೈಬಿಟ್ಟರು. ಬೆಪ್ಪನೊಬ್ಬ ಕೈಗೆ ಸಿಕ್ಕಿರುವಾಗ ಒಳ್ಳೆಯ ಪ್ರಶ್ನೆ ಯಾರಿಗೆ ಬೇಕು?

ಹೆಡ್‌ಮಾಸ್ತರರು ಎದ್ದರು. "ಬೇರೆ ಮನೆಗಳ ಮಾತೇಕೆ? ನನ್ನ ಮನೆಯಲ್ಲೇ ಆಗಿದೆ. ಅಳಿಯಂದಿರೇ, ಇಲ್ಲಿ ಬನ್ನಿ."

ಬೆಂಚಿನಿಂದ ಬಿಡಿಸಿಕೊಳ್ಳಲು ಇಬ್ಬರು ಅವನನ್ನು ಎಳೆಯಬೇಕಾಯಿತು. ವೇದಿಕೆಗೆ ಬಂದು ನಿಂತ. ಮೊದಲ ಸಾಲಿನಲ್ಲಿ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು.

"ಮಾವ" ಎಂದ. ಮೈಕು ಹತ್ತಿರವಿದ್ದುದರಿಂದ ಅದು ಊರಿಗೆಲ್ಲ ಕೇಳಿಸಿತು. "ನಾನು ನೋಡ್ತಿದ್ದದ್ದು ಅದಲ್ಲ. ಅದು ವಯಸ್ಕರ..."

"ನಿಲ್ಲಿ" ಎಂದು ಹೆಡ್‌ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟರು. "ಈತ ತಪ್ಪು ಮಾಡಿದ್ದಾನೆ. ಆದ್ರೂ ಮನೆಯಿಂದ ಹೊರಗೆ ಹಾಕ್ಲಿಲ್ಲ ನಾನು. ಯಾಕೆ? ಈತ ವಿದ್ಯಾವಂತ. ಕಾಲೇಜು ಹತ್ತಿಲ್ಲ ನಿಜ, ಆದ್ರೆ ಹತ್ತು ಮುಗಿಸಿದ್ದಾನೆ. ವಿದ್ಯೆ ಇದ್ದೋನು ಯಾವ ಕೆಸರಲ್ಲಿ ಬಿದ್ರೂ ಎದ್ದು ಬರ್ತಾನೆ. ಅದೇ ಹತ್ತನೇ ಕ್ಲಾಸೂ ದಾಟದ ದಡ್ಡನ ಕೈಲಿ ನನ್ನ ಮಗಳು ಸಿಕ್ಕಿಬಿದ್ದಿದ್ದಿದ್ರೆ, ಅವತ್ತೇ ಅವಳ ಕೈ ಹಿಡ್ಕೊಂಡು ಹೊರಟು ಹೋಗ್ತಿದ್ದೆ."

ಮೊದಲ ಸಾಲಿನಲ್ಲಿ ಹೆಂಡತಿ ತಲೆಯೆತ್ತಿ ಹೌದೆಂಬಂತೆ ಕಣ್ಣೊರೆಸಿಕೊಂಡಳು.

ಹಾಲುಗಲ್ಲ ಆ ಕೈಯನ್ನು ನೋಡಿದ, ಆ ಕಣ್ಣನ್ನು ನೋಡಿದ, ಕೈ ಕಟ್ಟಿ ನಿಂತಿದ್ದ ಅಧಿಕಾರಿಯನ್ನು ನೋಡಿದ. ದಡ್ಡನಾಗುವುದೋ ಕೊಳಕನಾಗುವುದೋ ಎರಡರಲ್ಲೊಂದು ಆರಿಸಿಕೋ ಎಂದು ಇಡೀ ಸಭೆ ಕಾಯುತ್ತಿತ್ತು. ಕೊಳಕನಿಗೆ ಈ ಲೋಕದಲ್ಲಿ ಕ್ಷಮೆಯುಂಟು, ಜೊತೆಗಾರರುಂಟು, ಬಸ್‌ಸ್ಟಾಪಿನಲ್ಲಿ ಏಳು ಹೆಸರು ಹೇಳಿಕೊಡುವ ಕಾರ್ಯದರ್ಶಿಯುಂಟು. ದಡ್ಡನಿಗೆ ಲೋಡಿಂಗು ಬಿಟ್ಟರೆ ಇನ್ನೇನುಂಟು?

"ಹೌದು" ಎಂದ ಹಾಲುಗಲ್ಲ ಮೈಕಿನಲ್ಲಿ. "ವಯಸ್ಕರದ್ದೇ ನೋಡ್ತಿದ್ದೆ. ತಪ್ಪಾಯ್ತು."

ಚಪ್ಪಾಳೆಗೆ ಹೆಂಚು ಹಾರಿಹೋಗುವುದೊಂದು ಬಾಕಿ. ಎಲ್ಲರಿಗಿಂತ ಜೋರಾಗಿ ಹೊಡೆದವನು ಟೈಲರ್. ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತ ಬಂದು ಅಪ್ಪಿಕೊಂಡ. ಅಧಿಕಾರಿ ಕೈ ಕುಲುಕಿ, "ನಿಮ್ಮ ಅರ್ಜಿಯನ್ನ ಶಾಶ್ವತವಾಗಿ ರದ್ದು ಮಾಡಿಸ್ತೀನಿ, ಇನ್ಮೇಲೆ ನಿಮ್ಮ ಫೋನಲ್ಲಿ ಅದು ತಲೆ ಹಾಕಲ್ಲ" ಎಂದು ಅಭಯ ಕೊಟ್ಟ. ಮುಂದಿನ ಬೀದಿಯ ಸಭೆಗೂ ಹಾಲುಗಲ್ಲನೇ ಬಂದು ಪಶ್ಚಾತ್ತಾಪ ಪಡಬೇಕೆಂದು ಒಮ್ಮತದ ತೀರ್ಮಾನವಾಯಿತು.

ಮರುದಿನ ಪರೀಕ್ಷೆ ನಡೆಯಿತು. ಹಾಲುಗಲ್ಲ ಇಲ್ಲದೆ ಚೆನ್ನಾಗಿಯೇ ನಡೆಯಿತು.

ವರ್ಷದ ಕೊನೆಗೆ ಮ್ಯಾನೇಜರ್ ಕೈ ಚಾಚಿದ. ಆ ಕೈಯಲ್ಲಿಡಲು ಇವನ ಬಳಿ ಏನೂ ಇರಲಿಲ್ಲ. ಮುಚ್ಚಳದ ಯಂತ್ರದ ಪಕ್ಕದ ಕುರ್ಚಿಗೆ ಹತ್ತು ಪಾಸಾದ ಪೋರನೊಬ್ಬ ಬಂದು ಕೂತ. ಹಾಲುಗಲ್ಲ ಬೆನ್ನ ಮೇಲೆ ನೀರು ಹೊತ್ತ. ಮನೆಯಲ್ಲಿ, "ಈಗ ದಾಸ್ತಾನು ನೋಡ್ಕೊಳ್ಳೋ ಕೆಲಸ, ಜವಾಬ್ದಾರಿ ಜಾಸ್ತಿ" ಎಂದ. ಬೆನ್ನಿನ ಉಳುಕನ್ನು ಜವಾಬ್ದಾರಿಯ ಖಾತೆಗೆ ಬರೆಸಿದ. ಸಂಜೆಗಳಲ್ಲಿ ಬೀದಿಬೀದಿ ತಿರುಗಿ ಮಾಡದ ತಪ್ಪಿಗೆ ಪಶ್ಚಾತ್ತಾಪ ಪಟ್ಟ. ಒಳ್ಳೆಯ ಹೆಸರು ಬಂತು. ಕೆನ್ನೆಗಳು ಇಳಿದವು. ಕಣ್ಣಿನ ಕೆಳಗೆ ಚೀಲಗಳು ಜೋತುಬಿದ್ದವು. ಹಣೆಯ ಮೇಲೆ ಗೆರೆಗಳು ಬಿದ್ದು ಅವುಗಳ ಮೇಲೆ ಇನ್ನಷ್ಟು ಗೆರೆಗಳು ಬಿದ್ದವು. ಹಾಲುಗಲ್ಲ ಎಂಬ ಹೆಸರು ಯಾಕೆ ಬಂತೆಂದು ಹೊಸಬರು ಕೇಳುವಂತಾಯಿತು.

ಒಂದು ರಜಾದಿನದ ಮಧ್ಯಾಹ್ನ ಅಡುಗೆಮನೆಯ ಮಣೆಯ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದವನಿಗೆ ಏನನ್ನಿಸಿತೋ, ಮೊಬೈಲು ತೆಗೆದು ಹಳೆಯ ಸೈಟು ಒತ್ತಿದ. ಶಾಶ್ವತವಾಗಿ ರದ್ದು ಮಾಡಿಸುತ್ತೇನೆಂದ ಅಧಿಕಾರಿ ಬೇರೆ ಕೆಲಸಗಳಂತೆ ಇದನ್ನೂ ಮಾಡಿರಲಿಲ್ಲ. ದುಂಡನೆಯ ಗೆರೆ ಮೂಡಿತು.

"ಹತ್ತಿರ ಬನ್ನಿ" ಎಂದಿತು ಜೇನುದನಿ. ಅವನು ಹತ್ತಿರ ಹೋಗಲೂ ಇಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಈರುಳ್ಳಿಗೋ ಯಾತಕ್ಕೋ ಕಣ್ಣು ತಾನಾಗಿ ಮಿಟುಕಿತು.

"ನಿಮ್ಮ ಅಂದಾಜು ವಯಸ್ಸು ಅರವತ್ತೊಂದು. ಸ್ವಾಗತ."

ಬಾಗಿಲು ತೆರೆದುಕೊಂಡಿತು. ಅವನು ಓದುವುದನ್ನು ಬಿಟ್ಟ ಪುಟದಲ್ಲೇ ತೆರೆದುಕೊಂಡಿತು: 'ಪಾಠ ಏಳು. ಚತುರ್ಥೀ ವಿಭಕ್ತಿ. ಗೆ, ಇಗೆ, ಕ್ಕೆ, ಅಕ್ಕೆ.' ಕೆಳಗೆ ಕೆಂಪು ಅಕ್ಷರದಲ್ಲಿ, 'ಪರೀಕ್ಷೆ ಮುಗಿದಿದೆ. ಈ ಯೋಜನೆಯನ್ನು ನಿಲ್ಲಿಸಲಾಗಿದೆ.'

ಹಿಂದಿನಿಂದ ಒಂದು ಕೈ ಬಂದು ಮೊಬೈಲು ಕಿತ್ತುಕೊಂಡಿತು. ಹೆಂಡತಿ.

ಅವಳು ಹಲ್ಲು ಕಚ್ಚಿ, ಕಾಣಬಾರದ್ದನ್ನು ಕಾಣಲು ಸಿದ್ಧಳಾಗಿ ನೋಡಿದಳು. ಬೆರಳಿನಿಂದ ಮೇಲೆ ಕೆಳಗೆ ಎಳೆದಳು. ತ್ರಿಭುಜ ಬಂತು. ನದಿಗಳು ಬಂದವು. ಅವನ ಹೆಸರಿನ ಮುಂದೆ 'ಹತ್ತನೇ ತರಗತಿ ಅಭ್ಯರ್ಥಿ' ಎಂದು ಬಂತು. ಅವಳು ನಿಂತಲ್ಲೇ ನಿಧಾನವಾಗಿ ಕುಸಿದು ಅವನೆದುರು ನೆಲದ ಮೇಲೆ ಕೂತಳು.

"ಇದೇನಾ ನೀವು ನೋಡ್ತಿದ್ದದ್ದು?"

"ಇದೇ."

"ಹತ್ತು ಮುಗೀತು ಅಂದಿದ್ರಲ್ಲ ಅವತ್ತು?"

"ಹತ್ತಕ್ಕೆ ಮುಗೀತು ಅಂದಿದ್ದೆ ಕಣೇ. ಲಾರಿ ಬಂತು."

ಅವಳು ಅವನ ಇಳಿದ ಕೆನ್ನೆಯನ್ನು ನೋಡಿದಳು. ಪೆಟ್ಟಿಗೆಯ ಅಂಚು ಕೊರೆದ ಅವನ ಅಂಗೈಗಳನ್ನು ನೋಡಿದಳು. ಅವನು ಮುಂದಿನ ಈರುಳ್ಳಿಗೆ ಕೈ ಹಾಕಿದ.

ಹೊರಕೋಣೆಯಿಂದ ಹೆಡ್‌ಮಾಸ್ತರರ ಗದರಿಕೆ ಕೇಳಿಸಿತು. "ಏನಮ್ಮಾ ಅದು? ಆ ಹೆಂಗಸಿನ ದನಿ ಮತ್ತೆ ಕೇಳಿಸ್ತಲ್ಲ! ಮತ್ತೆ ಅದನ್ನೇ ನೋಡ್ತಿದ್ದಾನಾ ಈತ?"

ಹೆಂಡತಿ ಎದ್ದಳು. ಮೊಬೈಲನ್ನು ಗಂಡನ ತೊಡೆಯ ಮೇಲೆ ವಾಪಸು ಇಟ್ಟಳು.

"ಹೌದಪ್ಪಾ, ಅದನ್ನೇ" ಎಂದು ಕೂಗಿ ಹೇಳಿ, ಅಡುಗೆಮನೆಯ ಬಾಗಿಲಿನ ಚಿಲಕ ಹಾಕಿದಳು.